ಕೂತಲ್ಲೇ ಕೂತವರ ಕಥೆ

"ಅಕ್ಕಾ, ಇದ್ರಲ್ಲಿ ಎಲ್ರೂ ಕೂತ್ಕೊಂಡೇ ಇರ್ತಾರಲ್ಲ?"

ಭಾನುವಾರದಿಂದ ಈ ಮಾತು ತಲೆ ಬಿಟ್ಟು ಹೋಗುತ್ತಿಲ್ಲ. ಕೇಳಿದವನು ಇಂಜಿನಿಯರಿಂಗ್ ಎರಡನೇ ವರ್ಷದ ಹುಡುಗ. ಆನಿಮೆ, ಅಂದರೆ ಜಪಾನಿನ ಆನಿಮೇಷನ್ ಸರಣಿಗಳನ್ನು ನೋಡುವ ನಮ್ಮ ಗುಂಪು ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರುತ್ತದೆ. ಹೆಚ್ಚು ಜನ ನೋಡಿರದ ಒಂದು ಸರಣಿಯನ್ನು ಒಬ್ಬರು ಪರಿಚಯಿಸಬೇಕು, ಉಳಿದವರು ಮೊದಲ ಮೂರು ಎಪಿಸೋಡನ್ನಾದರೂ ನೋಡಿಕೊಂಡು ಬರಬೇಕು. ಈ ಸಲದ ಸರದಿ ನನ್ನದು. ನಾನು ಆರಿಸಿಕೊಂಡಿದ್ದು ‘ಶೋವಾ ಗೆನ್ರೋಕು ರಾಕುಗೋ ಶಿಂಜೂ’.

ಹುಡುಗ ಕೇಳಿದ್ದರಲ್ಲಿ ಕುಹಕವಿರಲಿಲ್ಲ. ನೋಡಿದ್ದ, ಕಂಡದ್ದನ್ನು ಹೇಳಿದ. ಒಂದೂವರೆ ಪಟ್ಟು ಸ್ಪೀಡಿನಲ್ಲಿ ನೋಡಿದ್ದು ಅಂತಲೂ ತಾನಾಗಿ ಹೇಳಿದ. ಆ ಪ್ರಾಮಾಣಿಕತೆ ನನಗೆ ಇಷ್ಟವಾಯಿತು. ಬೇಸರ ತರಿಸಿದವರು ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬರು. ಒಂದು ಎಪಿಸೋಡೂ ನೋಡದೆ ಬಂದು, "ಹೌದಪ್ಪ, ಸ್ಲೋ ಅಂತಾರೆ ಎಲ್ರೂ" ಅಂದರು. ನೋಡದೇ ತೀರ್ಪು ಕೊಡುವವರಿಂದಲೇ ಎಷ್ಟೋ ಒಳ್ಳೆಯ ಸರಣಿಗಳು ಮೂಲೆ ಸೇರಿವೆ.

ಹುಡುಗನ ಮಾತಿಗೆ ಬರುತ್ತೇನೆ. ಹೌದು, ಕೂತೇ ಇರುತ್ತಾರೆ. ಜಪಾನಿನ ಕಥೆ ಹೇಳುವ ಕಲೆ ರಾಕುಗೋ ಅಂದರೇ ಅದು. ವೇದಿಕೆಯ ಮೇಲೆ ಒಂದು ದಿಂಬು, ಅದರ ಮೇಲೆ ಮಂಡಿಯೂರಿ ಕೂತ ಒಬ್ಬ ಕಥೆಗಾರ, ಕೈಯಲ್ಲಿ ಒಂದು ಬೀಸಣಿಗೆ, ಒಂದು ಕೈವಸ್ತ್ರ. ಬೀಸಣಿಗೆಯನ್ನೇ ಕಡ್ಡಿಯಂತೆ ಹಿಡಿದು ನೂಡಲ್ಸ್ ಸೊರ್ರೆಂದು ಎಳೆಯುತ್ತಾನೆ. ಮುಖ ಎಡಕ್ಕೆ ತಿರುಗಿದರೆ ಯಜಮಾನ, ಬಲಕ್ಕೆ ತಿರುಗಿದರೆ ಆಳು. ಎದ್ದು ನಿಲ್ಲುವ ಹಾಗಿಲ್ಲ. ನಮ್ಮ ಕಡೆಯವರಿಗೆ ಇದನ್ನು ತಿಳಿಸಲು ನನಗೆ ಹೊಳೆದದ್ದು ತಾಳಮದ್ದಲೆ. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಎದುರುಬದುರು ಕೂತು ಬರೀ ಮಾತಿನಲ್ಲಿ ಕೃಷ್ಣಸಂಧಾನ ಕಟ್ಟುತ್ತಾರೆ, ಬೆಳಗಿನ ಜಾವದವರೆಗೂ ಜನ ಏಳುವುದಿಲ್ಲ. ಗುಂಪಿನಲ್ಲಿ ಉಡುಪಿ ಕಡೆಯ ಇಬ್ಬರಿದ್ದರು, ಅವರಿಗೆ ತಕ್ಷಣ ಅರ್ಥವಾಯಿತು. ಹುಡುಗ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವನು, ತಾಳಮದ್ದಲೆ ನೋಡಿಲ್ಲ. ಅವನಿಗೆ ಬೇರೆ ದಾರಿ ಹುಡುಕಬೇಕಿತ್ತು.

ಅವನಿಗೆ ತುಂಬಾ ಇಷ್ಟದ ಸರಣಿ ‘ಕಗುಯಾ-ಸಾಮಾ’. 2019ರಲ್ಲಿ ಬಂದ ಆ ಸರಣಿಯ ನಿರ್ದೇಶಕ ಮಮೊರು ಹತಕೆಯಾಮ. ರಾಕುಗೋ ಸರಣಿಯನ್ನು ಅದಕ್ಕೂ ಮೊದಲು ಮಾಡಿದವರೂ ಅವರೇ. "ಕಗುಯಾದಲ್ಲಿ ಏನು ಮಾಡ್ತಾರೆ ಹೇಳು? ಸ್ಟೂಡೆಂಟ್ ಕೌನ್ಸಿಲ್ ರೂಮಲ್ಲಿ ಇಬ್ರು ಕೂತ್ಕೊಂಡು ಮಾತಾಡ್ತಾರೆ ತಾನೇ?" ಅಂದೆ. ಸ್ವಲ್ಪ ಯೋಚಿಸಿದ. "ಅಲ್ಲಿ ಮೈಂಡ್ ಗೇಮ್ ಇದೆಯಲ್ಲ ಅಕ್ಕಾ" ಅಂದ. ಇಲ್ಲೂ ಇದೆ. ಕಥೆಗಾರನಿಗೂ ಎದುರು ಕೂತ ಜನಕ್ಕೂ ನಡುವೆ ಇದೆ.

ಮೊದಲ ಎಪಿಸೋಡಿನ ಯೊತಾರೊನನ್ನೇ ತೆಗೆದುಕೊಳ್ಳಿ. ಜೈಲಿನಲ್ಲಿ ಕೇಳಿದ ಒಂದು ರಾಕುಗೋಗೆ ಮನಸೋತು, ಬಿಡುಗಡೆಯಾದವನೇ ನೇರ ಹಿರಿಯ ಕಲಾವಿದ ಯಾಕುಮೊನ ಬಳಿ ಬಂದು ಶಿಷ್ಯನಾಗುತ್ತಾನೆ. ಒಂದು ದಿನ ಅವನ ಹಳೆಯ ರೌಡಿ ಗುಂಪಿನ ಅಣ್ಣ ಪ್ರೇಕ್ಷಕರ ಸಾಲಿನಲ್ಲಿ ಕೂತಿರುತ್ತಾನೆ. ಅವನ ಕಣ್ಣೆದುರೇ ಯೊತಾರೊ ಒಬ್ಬ ಪೆದ್ದು ಕಳ್ಳನ ಕಥೆ ಹೇಳಬೇಕು. ಆ ಕಥೆಯನ್ನು ತುಣುಕು ತೋರಿಸಿ ಮುಗಿಸಿಬಿಡದೆ ಹರಿಯಲು ಬಿಡುತ್ತಾರೆ. ನಾವೂ ಆ ಸಭೆಯಲ್ಲಿ ಕೂತು ಅವನು ಬೆವರುವುದನ್ನು ನೋಡುತ್ತೇವೆ, ನಗು ಯಾವಾಗ ಹುಟ್ಟುತ್ತದೆ ಎಂದು ಕಾಯುತ್ತೇವೆ. ಒಂದೂವರೆ ಪಟ್ಟು ಸ್ಪೀಡಿನಲ್ಲಿ ನೋಡಿದರೆ ಕಳೆದುಹೋಗುವುದು ಈ ಕಾಯುವಿಕೆಯೇ. ನಗು ಬರುವ ಮುಂಚಿನ ಆ ನಿಶ್ಶಬ್ದ ಎಷ್ಟು ಉದ್ದವಿರಬೇಕು ಎಂದು ಲೆಕ್ಕ ಹಾಕಿ ಇಟ್ಟಿದ್ದಾರೆ. ಅದನ್ನು ಕತ್ತರಿಸಿದರೆ ಉಳಿಯುವುದು ಕೂತ ಮನುಷ್ಯ ಮಾತ್ರ.

ದನಿಗಳ ವಿಷಯವೂ ಹಾಗೆಯೇ. ಎರಡನೇ ಎಪಿಸೋಡಿನಿಂದ ಕಥೆ ಹಿಂದಕ್ಕೆ, ಯಾಕುಮೊನ ಬಾಲ್ಯಕ್ಕೆ ಹೋಗುತ್ತದೆ. ಆಗ ಅವನ ಹೆಸರು ಕಿಕುಹಿಕೊ. ಕಾಲಿಗೆ ಪೆಟ್ಟಾಗಿ ನೃತ್ಯ ಕೈಬಿಟ್ಟು, ರಾಕುಗೋ ಗುರುವೊಬ್ಬರ ಮನೆ ಸೇರಿದ ಹುಡುಗ. ಅದೇ ದಿನ ಅದೇ ಗುರುವಿನ ಮನೆಗೆ ಇನ್ನೊಬ್ಬ ಹುಡುಗ ಬರುತ್ತಾನೆ, ಮುಂದೆ ಸುಕೆರೊಕು ಆಗುವವನು, ಹುಟ್ಟು ನಗೆಗಾರ. ಬೆಳೆದ ಕಿಕುಹಿಕೊಗೂ ಮುದಿ ಯಾಕುಮೊಗೂ ಅಕಿರ ಇಶಿದ ಒಬ್ಬರದೇ ದನಿ. ‘ನರುಟೊ’ದ ಗಾರಾನ ದನಿ ಅದು ಅಂದಾಗ ಹುಡುಗ ನೆಟ್ಟಗೆ ಕೂತ. ಸುಕೆರೊಕುವಿಗೆ ದನಿ ಕೊಟ್ಟ ಕೊಯಿಚಿ ಯಮದೇರ ‘ಕೌಬಾಯ್ ಬೀಬಾಪ್’ನ ಸ್ಪೈಕ್. ಇವರು ಡೈಲಾಗ್ ಓದಿದ್ದಷ್ಟೇ ಅಲ್ಲ, ರಾಕುಗೋವನ್ನೇ ಆಡಿದ್ದಾರೆ. ಒಬ್ಬ ನಟ, ಕಥೆಗಾರನ ದನಿಯಲ್ಲಿ, ಆ ಕಥೆಗಾರ ಆಡುವ ಮುದುಕಿ, ಕುಡುಕ, ವೇಶ್ಯೆಯರ ದನಿಗಳನ್ನು ತೆಗೆಯಬೇಕು. ಅದೂ ಕಿಕುಹಿಕೊ ಹರೆಯದಲ್ಲಿ ಕೆಟ್ಟದಾಗಿ ಆಡುತ್ತಿದ್ದಾಗ ಕೆಟ್ಟದಾಗಿಯೇ, ಪಳಗಿದ ಮೇಲೆ ಪಳಗಿದಂತೆ. ನಟನೆಯಲ್ಲಿ ಇದಕ್ಕಿಂತ ಕಷ್ಟದ ಕೆಲಸ ಆನಿಮೆಯಲ್ಲಿ ನಾನು ಕೇಳಿಲ್ಲ.

ಇಂಥದ್ದು ಹೇಗೆ ಮೂಲೆಗೆ ಬಿತ್ತು? ಇದರ ಮೂಲವಾದ ಹರುಕೊ ಕುಮೋಟ ಅವರ ಮಾಂಗಾಕ್ಕೆ (ಜಪಾನಿನ ಚಿತ್ರಕಥೆಗೆ) 2014ರಲ್ಲಿ ಕೊದಾನ್ಶಾ ಪ್ರಶಸ್ತಿ ಬಂದಿತ್ತು, ಜಪಾನಿನಲ್ಲಿ ಅದನ್ನು ಕಡೆಗಣಿಸಿದವರಿಲ್ಲ. ಆನಿಮೆ 2016ರ ಜನವರಿಯಲ್ಲಿ ಶುರುವಾಯಿತು, ಎರಡನೇ ಸೀಸನ್ 2017ರ ಜನವರಿಯಲ್ಲಿ. ಎರಡು ಸಲವೂ ಅದೇ ತಿಂಗಳು, ಇದನ್ನು ಮಾಡಿದ ಅದೇ ಸ್ಟುಡಿಯೋ ಡೀನ್‌ನಿಂದ ‘ಕೊನೊಸುಬಾ’ ಎಂಬ ಹಾಸ್ಯ ಸರಣಿಯೂ ಬಂತು. ನಮ್ಮ ಗುಂಪಿನಲ್ಲಿ ಕೊನೊಸುಬಾ ನೋಡದವರಿಲ್ಲ. ಅದರ ಮೇಲೆ ನನಗೆ ದೂರಿಲ್ಲ, ಚೆನ್ನಾಗಿಯೇ ಇದೆ. ಆದರೆ ಒಂದೇ ಮನೆಯ ಎರಡು ಮಕ್ಕಳಲ್ಲಿ ಸದ್ದು ಕಡಿಮೆಯ ಮಗುವನ್ನು ಯಾರೂ ಕರೆದು ಕೂರಿಸಿಕೊಳ್ಳಲಿಲ್ಲ.

ಈ ಸರಣಿಯ ಒಳಗಿರುವುದೂ ಇದೇ ನೋವು. ಯುದ್ಧದ ಕಾಲದಲ್ಲಿ, 1941ರಲ್ಲಿ, ಈ ಸಮಯಕ್ಕೆ ತಕ್ಕುದಲ್ಲ ಎಂದು ರಾಕುಗೋ ಕಲಾವಿದರೇ 53 ಕಥೆಗಳನ್ನು ಕೈಬಿಟ್ಟರು. ಟೋಕಿಯೋದ ಅಸಾಕುಸಾದಲ್ಲಿರುವ ಹೊನ್ಪೋಜಿ ದೇವಾಲಯದಲ್ಲಿ ಅವುಗಳಿಗೊಂದು ಸಮಾಧಿಯನ್ನೇ ಕಟ್ಟಿದರು. ಹೆಚ್ಚಿನವು ವೇಶ್ಯೆಯರ, ಹಾದರದ ಕಥೆಗಳು. ಯುದ್ಧ ಮುಗಿದ ಮೇಲೆ 1946ರಲ್ಲಿ ಅವು ಮತ್ತೆ ವೇದಿಕೆಗೆ ಬಂದವು. ಕಥೆಯನ್ನು ಹೂತು ಮತ್ತೆ ಎಬ್ಬಿಸಿದ ಜನರ ನಡುವೆ ಬೆಳೆದ ಯಾಕುಮೊ, ಮುದುಕನಾದ ಮೇಲೆ ರಾಕುಗೋ ತನ್ನ ಜೊತೆಗೇ ಸಾಯಲಿ ಎನ್ನುತ್ತಾನೆ. ಮನೆಯಲ್ಲಿ ಸುಕೆರೊಕುವಿನ ಮಗಳು ಕೊನಾತ್ಸು ಇದ್ದಾಳೆ, ಅಪ್ಪನ ಕಥೆಗಳೆಲ್ಲ ಅವಳ ಬಾಯಲ್ಲಿವೆ, ಆದರೆ ಹೆಣ್ಣೆಂದು ವೇದಿಕೆ ಇಲ್ಲ. ಇದು ಬರೀ ಕಟ್ಟುಕಥೆಯಲ್ಲ. ಟೋಕಿಯೋದ ರಾಕುಗೋದಲ್ಲಿ ಹೆಂಗಸರು ಶಿನ್-ಉಚಿ ಎಂಬ ಮೇಲಿನ ದರ್ಜೆಗೆ ಮೊದಲು ಏರಿದ್ದು 1993ರಲ್ಲಿ. ಕೊನಾತ್ಸು ಬಾಗಿಲಾಚೆ ಕೂತು ಕೇಳಿಸಿಕೊಳ್ಳುವ ದೃಶ್ಯಗಳಲ್ಲಿ ನನಗೆ ಸಿಟ್ಟು ಬರುತ್ತದೆ. ಯಾಕುಮೊನನ್ನು ನಾನು ಪೂರ್ತಿ ಕ್ಷಮಿಸಿಲ್ಲ, ಅವನ ಕಲೆಗೆ ಎಷ್ಟೇ ಮಾರುಹೋದರೂ.

ಸೋಮವಾರ, ಮಂಗಳವಾರವೆಲ್ಲ ಹುಡುಗನ ಮಾತು ಕಾಡಿದ್ದು ಬಹುಶಃ ಇದಕ್ಕೇ. "ಎಲ್ರೂ ಕೂತ್ಕೊಂಡೇ ಇರ್ತಾರಲ್ಲ?" ಕಿಕುಹಿಕೊನ ಹರೆಯದ ಪ್ರೇಕ್ಷಕರೂ ಹೀಗೆಯೇ ಆಕಳಿಸಿರಬೇಕು. ಅವನಿಗೆ ಬೇಕಾಗಿದ್ದದ್ದು, ಆಕಳಿಸುವವರ ಮುಂದೆಯೇ ಕೂತು ತನ್ನ ದಾರಿ ಹುಡುಕಿಕೊಳ್ಳುವ ಧೈರ್ಯ. ಆರನೇ ಎಪಿಸೋಡಿನಲ್ಲಿ ಅದು ಸಿಗುತ್ತದೆ. ಜೊತೆಗೆ ಸಾಯಲು ಒಬ್ಬ ಗಿರಾಕಿಯನ್ನು ಹುಡುಕುವ ವೇಶ್ಯೆಯ ಕಥೆ, ‘ಶಿನಗಾವಾ ಶಿಂಜೂ’. ಸುಕೆರೊಕುವಿನ ಅಬ್ಬರವನ್ನು ಅನುಕರಿಸುವುದು ಬಿಟ್ಟು ಅವನು ದನಿ ತಗ್ಗಿಸುತ್ತಾನೆ, ಕತ್ತು ಒಂದಿಷ್ಟು ಓರೆ ಮಾಡುತ್ತಾನೆ, ಹೆಣ್ಣಾಗಿಬಿಡುತ್ತಾನೆ. ಕೂತಲ್ಲಿಂದ ಒಂದಿಂಚೂ ಕದಲುವುದಿಲ್ಲ. ಸಭೆ ಪೂರ್ತಿ ಅವನ ಕಡೆ ವಾಲುತ್ತದೆ. ನಾನು ನೋಡಿದ ಎಷ್ಟೋ ಫೈಟ್ ಸೀನ್‌ಗಳಲ್ಲಿ ಇಲ್ಲದ ಗೆಲುವು ಅದು.

ಯಾರೂ ನೋಡದ ಸರಣಿಯನ್ನು ಪರಿಚಯಿಸುವವರು ಸಾಮಾನ್ಯವಾಗಿ ಕಥೆ ಹೇಳಿ, ನಿರ್ದೇಶಕರ ಹೆಸರು ಹೇಳಿ, ಹತ್ತಕ್ಕೆ ಇಷ್ಟು ಅಂಕ ಎಂದು ಮುಗಿಸುತ್ತಾರೆ. ಅದರಿಂದ ಪ್ರಯೋಜನವಿಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಎಲ್ಲಿ ಕಿವಿ ಕೊಡಬೇಕು, ಎಲ್ಲಿ ತಾಳ್ಮೆ ಬೇಕು, ಯಾವ ನಿಮಿಷಕ್ಕೆ ಕಾದರೆ ಫಲವಿದೆ ಎಂದು ಹೇಳಬೇಕು. ಜನರಿಗೆ ಅಂಕ ಎಲ್ಲಿ ಬೇಕಾದರೂ ಸಿಗುತ್ತದೆ.

ಬುಧವಾರ ಹುಡುಗನಿಗೆ ಫೋನ್ ಮಾಡಿ ಕೇಳಿದೆ: ಆರರವರೆಗೆ ನೋಡ್ತೀಯಾ, ಮಾಮೂಲಿ ಸ್ಪೀಡಲ್ಲಿ? "ನಾಲ್ಕು, ಐದು ನಾನೇ ನೋಡ್ತೀನಿ ಅಕ್ಕಾ, ಆರನೇದು ಎಲ್ರೂ ಸೇರಿ ನೋಡೋಣ" ಅಂದ. ಮುಂದಿನ ತಿಂಗಳು ಬೇರೆಯವರ ಸರದಿ. ಅವರ ಬಳಿ ಮೊದಲ ಅರ್ಧ ಗಂಟೆ ಬಿಟ್ಟುಕೊಡಿ ಎಂದು ಕೇಳಿದ್ದೇನೆ, ಒಪ್ಪಿದ್ದಾರೆ.