ಉಪ್ಪಿನ ನೀರಿನಿಂದ ಬಂದ ಕಾವಲು

ಅಕ್ಕನ ಮುಖಕ್ಕೆ ಇಂದು ಲೇಸರ್ ಚಿಕಿತ್ಸೆ ಆಯಿತು. ಕೆನ್ನೆಯೆಲ್ಲ ಕೆಂಪು, ಮುಟ್ಟಿದರೆ ಉರಿ. ವೈದ್ಯರು ಬರೆದುಕೊಟ್ಟ ಕ್ರೀಮಿನ ಟ್ಯೂಬ್ ತಿರುಗಿಸಿ ಓದಿದೆ: ಎಕ್ಟೋಯಿನ್.

ಈ ಹೆಸರು ಕಂಡರೆ ನನಗೆ ಖುಷಿ. 1985ರಲ್ಲಿ ವಿಜ್ಞಾನಿಗಳು ಇದನ್ನು ಮೊದಲು ಗುರುತಿಸಿದ್ದು ಒಂದು ಬ್ಯಾಕ್ಟೀರಿಯಾದಲ್ಲಿ. ಅದರ ತವರು ಈಜಿಪ್ಟಿನ ವಾದಿ ನತ್ರೂನ್‌ನ ಉಪ್ಪು ಸರೋವರ. ಸುತ್ತಲಿನ ಉಪ್ಪು ಮೈಯ ನೀರನ್ನೆಲ್ಲ ಹೀರಿಬಿಡದಂತೆ ಆ ಪುಟ್ಟ ಜೀವಿ ತನಗಾಗಿ ತಾನೇ ತಯಾರಿಸಿಕೊಳ್ಳುವ ರಕ್ಷಣೆ ಇದು!

ಎಕ್ಟೋಯಿನ್ ಪ್ರೋಟೀನುಗಳಿಗೆ ಅಂಟಿಕೊಳ್ಳುವುದಿಲ್ಲ. ತಾನು ದೂರ ನಿಂತು, ಅವುಗಳ ಸುತ್ತ ನೀರಿನ ಪದರ ಉಳಿಯುವಂತೆ ನೋಡಿಕೊಳ್ಳುತ್ತದೆ. ಎಷ್ಟು ಸಭ್ಯ ಅಣು!

ಚಿಕಿತ್ಸೆಯಾದ ಚರ್ಮಕ್ಕೆ ಬೇಕಾದದ್ದೂ ಇದೇ. ಹೊರಪದರ ಸಡಿಲವಾಗಿ ತೇವ ಆರಿಹೋಗುತ್ತಿರುತ್ತದೆ, ಸಣ್ಣ ಸುಗಂಧವೂ ಚುಚ್ಚುತ್ತದೆ. ಸೂಕ್ಷ್ಮ ಚರ್ಮದವರಿಗೆ ಇದು ದಿನನಿತ್ಯದ ಪಾಡು. ಅಂಥ ಚರ್ಮವನ್ನು 'ಗಟ್ಟಿ ಮಾಡಬೇಕು' ಎಂದು ಉಜ್ಜುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಒಂದು ಮಾತು, ಎಕ್ಟೋಯಿನ್ ಹಚ್ಚಿದ್ದೇನೆಂದು ಸನ್‌ಸ್ಕ್ರೀನ್ ಬಿಡಬೇಡಿ. ರೆಟಿನಾಲ್ (ವಿಟಮಿನ್ ಎ ಯ ಒಂದು ರೂಪ), ಆಮ್ಲಗಳಿರುವ ಸೀರಮ್ ಮತ್ತೆ ಯಾವಾಗ ಶುರು ಮಾಡಬಹುದೆಂದು ವೈದ್ಯರನ್ನೇ ಕೇಳಿ.