ಸೋದರತ್ತೆಯ ಬಗ್ಗೆಯೂ ಕೇಳಿ

ಮೂವತ್ತು ದಾಟಿದವರ ತಪಾಸಣೆಗೆ ಆಶಾ ಕಾರ್ಯಕರ್ತೆಯರು ತುಂಬಿಸುವ ನಮೂನೆಯಲ್ಲಿ ಸ್ತನದಲ್ಲಿ ಗಂಟಿದೆಯೇ, ತೊಟ್ಟಿನಿಂದ ರಕ್ತ ಬರುತ್ತದೆಯೇ, ಆಕಾರ ಬದಲಾಗಿದೆಯೇ ಎಂಬ ಪ್ರಶ್ನೆಗಳಿವೆ. ಕುಟುಂಬದ ಕಾಯಿಲೆಗಳನ್ನು ಕೇಳುವ ಸಾಲು ಮಾತ್ರ ಬಿಪಿ, ಸಕ್ಕರೆ ಕಾಯಿಲೆ, ಹೃದ್ರೋಗಕ್ಕೇ ಮುಗಿಯುತ್ತದೆ. ಹಾಗಾಗಿ ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿಯಾಗಿ ಕ್ಯಾನ್ಸರ್ ವಿಷಯವನ್ನು ನಾನೇ ಕೇಳುತ್ತೇನೆ, ಅದೂ ಜಗಲಿಯಲ್ಲಲ್ಲ, ಬಾಗಿಲು ಮುಚ್ಚಿದ ಕೋಣೆಯಲ್ಲಿ.

ಕೇಳುವ ಬಗೆಯನ್ನು ಕಲಿಸಿದ್ದು ಈ ಕೆಲಸವೇ. "ನಿಮ್ಮಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತೇ?" ಎಂದರೆ ಹೆಚ್ಚಿನವರು ಇಲ್ಲವೆನ್ನುತ್ತಾರೆ. ಹಳಬರ ಕಾಯಿಲೆಗೆ ಯಾರೂ ಆ ಹೆಸರು ಹೇಳಿರುವುದಿಲ್ಲ. 'ಎದೆಯಲ್ಲಿ ಗಡ್ಡೆಯಾಗಿ ಹೋದರು', 'ಹೊಟ್ಟೆಯಲ್ಲಿ ನೀರು ತುಂಬಿತ್ತು' ಎಂಬಷ್ಟೇ ಮನೆಯಲ್ಲಿ ಉಳಿದಿರುತ್ತದೆ. ಆದ್ದರಿಂದ ಒಬ್ಬೊಬ್ಬರನ್ನೇ ಹಿಡಿದು ಕೇಳಬೇಕು: ಅಮ್ಮ, ಅಕ್ಕ, ತಂಗಿ, ದೊಡ್ಡಮ್ಮ, ಚಿಕ್ಕಮ್ಮ, ಅಜ್ಜಿ. ಕಾಯಿಲೆ ಕಾಣಿಸಿದಾಗ ಅವರ ವಯಸ್ಸೆಷ್ಟು ಎಂಬುದನ್ನೂ ಬರೆದುಕೊಳ್ಳಬೇಕು. ತಾಯಿಗೋ ಅಕ್ಕನಿಗೋ ಬಂದಿದ್ದರೆ ಸಾಮಾನ್ಯವಾಗಿ ಆ ವಯಸ್ಸಿಗಿಂತ ಹತ್ತು ವರ್ಷ ಮೊದಲೇ ತಪಾಸಣೆ ಶುರುವಾಗಬೇಕಾಗುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಬಿಟ್ಟುಹೋಗುವುದು ತಂದೆಯ ಕಡೆಯವರು. ಬಿಆರ್‌ಸಿಎ1, ಬಿಆರ್‌ಸಿಎ2 ಎಂಬ ಜೀನ್‌ಗಳಲ್ಲಿ ದೋಷವಿದ್ದರೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು. ಈ ದೋಷ ತಾಯಿಯಿಂದ ಬರುವಂತೆಯೇ ತಂದೆಯಿಂದಲೂ ಬರುತ್ತದೆ. ಯಾರಲ್ಲಿದ್ದರೂ ಪ್ರತಿ ಮಗುವಿಗೆ ದಾಟುವ ಸಾಧ್ಯತೆ ಶೇ. 50. ತಂದೆ ಆರೋಗ್ಯವಾಗಿಯೇ ಇರಬಹುದು. ಇದೇ ದೋಷದಿಂದ ಅಂಡಾಶಯದ ಕ್ಯಾನ್ಸರ್ ಕೂಡ ಬರುವುದರಿಂದ ಹೊಟ್ಟೆಯಲ್ಲಿ ನೀರು ತುಂಬಿದ ಅಜ್ಜಿಯನ್ನೂ ನಾನು ಬಿಡುವುದಿಲ್ಲ.

ಇತ್ತೀಚೆಗೆ 36ರ ಮಹಿಳೆಯೊಬ್ಬರು ತವರಿನಲ್ಲಿ ಯಾರಿಗೂ ಏನೂ ಇಲ್ಲ ಎಂದರು. ಆಮೇಲೆ ಮಾತಿನ ನಡುವೆ, "ನಮ್ಮ ಅತ್ತೆಗೆ ಎಡಗಡೆ ಆಪರೇಷನ್ ಆಗಿದೆ ಮೇಡಂ, ಆಗ ಅವರಿಗೆ ನಲವತ್ತೆರಡು" ಎಂದರು. ಅತ್ತೆಯ ಕಾಯಿಲೆ ಸೊಸೆಗೇಕೆ ಎಂದು ಬಿಟ್ಟುಬಿಡಬಹುದಿತ್ತು. ವಿಚಾರಿಸಿದರೆ ಆಕೆಯದು ಸೋದರಿಕೆಯ ಮದುವೆ. ಅತ್ತೆಯೆಂದರೆ ಆಕೆಯ ತಂದೆಯ ಒಡಹುಟ್ಟಿದವರು! ನಮ್ಮ ಕಡೆ ಇಂಥ ಮದುವೆಗಳು ಎಷ್ಟಿವೆ ಎಂದು ಹೇಳಬೇಕಾಗಿಲ್ಲ. ಅಲ್ಲಿ ಗಂಡ ಹೆಂಡತಿ ಇಬ್ಬರ ಕಡೆಯಿಂದಲೂ ಮಕ್ಕಳಿಗೆ ಅದೇ ರಕ್ತ.

ಅವರನ್ನು ಪರೀಕ್ಷಿಸಿದಾಗ ಗಂಟೇನೂ ಸಿಗಲಿಲ್ಲ. ಆದರೂ ತಾಲ್ಲೂಕು ಆಸ್ಪತ್ರೆಗೆ ಚೀಟಿ ಬರೆದುಕೊಟ್ಟೆ. ಮ್ಯಾಮೋಗ್ರಾಂ ಯಾವಾಗ, ಎಂಆರ್‌ಐ ಬೇಕೇ ಎಂಬುದು ತಜ್ಞರ ತೀರ್ಮಾನ. ಜೀನ್ ಪರೀಕ್ಷೆಯನ್ನು ಸಾಧ್ಯವಾದರೆ ಕಾಯಿಲೆ ಬಂದವರಿಂದಲೇ ಆರಂಭಿಸುವುದು ಒಳ್ಳೆಯದು, ಅತ್ತೆ ಬದುಕಿದ್ದಾರೆ.

"ಊರಲ್ಲಿ ಗೊತ್ತಾದರೆ ಮಗಳ ಮದುವೆಗೆ ತೊಡಕಾಗುವುದಿಲ್ಲವೇ?" ಎಂದು ಕೇಳಿದರು. ಈ ಭಯವನ್ನು ಹಗುರವಾಗಿ ನೋಡಲು ನನ್ನಿಂದಾಗದು. ಸ್ತನ ಕ್ಯಾನ್ಸರ್‌ಗಳಲ್ಲಿ ವಂಶದಿಂದ ಬರುವುದು ಶೇ. 5ರಿಂದ 10 ಮಾತ್ರ, ದೋಷವಿದ್ದ ಎಲ್ಲರಿಗೂ ಕಾಯಿಲೆ ಬಂದೇ ಬರುತ್ತದೆಂದೂ ಇಲ್ಲ, ಇಲ್ಲಿ ಹೇಳಿದ್ದು ಈ ಕೋಣೆ ದಾಟುವುದಿಲ್ಲ ಎಂದೆ. ಮುಂದಿನ ವಾರ ಅತ್ತೆಯನ್ನೇ ಕರೆದುಕೊಂಡು ಬಂದರು. ಅತ್ತೆಗೆ ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಬೇರೆ ಊರಿಗೆ ಕೊಟ್ಟಿದ್ದಾರೆ. ಅವರಿಗೆ ತಾವೇ ಫೋನ್ ಮಾಡಿ ಹೇಳುವುದಾಗಿ ಒಪ್ಪಿದ್ದಾರೆ.