ಕಾಫಿ ಕಣದಲ್ಲಿ 180ರ ತಾಳ

ಕೊಡಗಿನಲ್ಲಿ ಹಾಡು ಚಿತ್ರೀಕರಿಸುತ್ತೇವೆ ಅಂದರೆ ಸಾಕು, ಕೇಳಿದವರೆಲ್ಲ ರಾಜಾಸೀಟು, ಅಬ್ಬಿ ಫಾಲ್ಸು, ಮಾಂದಲಪಟ್ಟಿ ಅಂತ ಪಟ್ಟಿ ಶುರು ಮಾಡುತ್ತಾರೆ. ಮಂಜಿರಬೇಕು, ಮಂಜಿನೊಳಗಿಂದ ಒಬ್ಬ ಹುಡುಗ ಗಿಟಾರ್ ಹಿಡಿದು ಬರಬೇಕು. ಹೊರಗಿನವರ ಮಾತು ಬಿಡಿ, ಇಲ್ಲೇ ಹುಟ್ಟಿ ಬೆಳೆದ ನಮ್ಮ ತಲೆಯಲ್ಲೂ ಊರಿನ ಚಿತ್ರ ಅಂದರೆ ಅದೇ ಆಗಿಬಿಟ್ಟಿದೆ. ಹಾಗಾಗಿ ಪತ್ರಿಕೋದ್ಯಮದ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ಗೆಳೆಯರ ಪಾಪ್ ಪಂಕ್ ಬ್ಯಾಂಡಿನ ಮ್ಯೂಸಿಕ್ ವಿಡಿಯೋ ಮಾಡಿಕೊಡುತ್ತೇನೆ ಅಂತ ಒಪ್ಪಿಕೊಂಡಾಗ ನಾನು ಹಾಕಿದ ಮೊದಲ ಷರತ್ತು, ಮಂಜು ಬೇಡ.

ಬ್ಯಾಂಡಿನಲ್ಲಿ ನಾಲ್ಕು ಜನ. ಹಾಡುವವನು ಸೋಮವಾರಪೇಟೆಯವನು, ಗಿಟಾರಿನವನು ಮಡಿಕೇರಿಯವನು, ಬೇಸ್ ನುಡಿಸುವವಳು ಕುಶಾಲನಗರದವಳು. ಡ್ರಮ್ಮರ್ ನಮ್ಮೂರು ಸುಂಟಿಕೊಪ್ಪದ ಕಡೆಯವನೇ, ಚರ್ಚಿನ ಗಾಯನ ತಂಡದಲ್ಲಿ ಕೈ ಪಳಗಿಸಿಕೊಂಡವನು. ಹಾಡು ಅವರದೇ, ಕನ್ನಡದ್ದು. ಅದರ ಪಲ್ಲವಿ ಹೀಗಿದೆ: "ಎಲ್ಲಾರೂ ಬರ್ತಾರೆ ಮಂಜು ನೋಡೋಕೆ, ನಾನೊಬ್ನೇ ಕಾಯ್ತೀನಿ ಬಸ್ಸಿಗೆ." ರೈಲು ಹಳಿಯೇ ಇಲ್ಲದ ಜಿಲ್ಲೆಯಲ್ಲಿ ಓದಿಗೋ ಕೆಲಸಕ್ಕೋ ಹೊರಗೆ ಹೋಗಬೇಕಾದವರೆಲ್ಲ ಬಸ್ಸಿಗೇ ಕಾಯಬೇಕು. ಆ ಸಾಲು ಕೇಳಿದಾಗಲೇ ನನಗೆ ಗೊತ್ತಾಗಿತ್ತು, ಇದಕ್ಕೆ ವ್ಯೂ ಪಾಯಿಂಟ್ ಹೊಂದುವುದಿಲ್ಲ.

ಪಾಪ್ ಪಂಕ್ ಅಂದರೆ ಏನು ಅಂತ ನನ್ನ ಗೈಡ್ ಮೇಡಂ ಕೇಳಿದ್ದರು. ಪಂಕ್ ಸಂಗೀತದ ವೇಗ ಮತ್ತು ಒರಟುತನ, ಅದರ ಮೇಲೆ ಒಮ್ಮೆ ಕೇಳಿದರೆ ಬಾಯಿಗೆ ಬರುವ ರಾಗ. ಮೂರ್ನಾಲ್ಕು ಪವರ್ ಕಾರ್ಡುಗಳು, ಅಂದರೆ ಗಿಟಾರಿನಲ್ಲಿ ಎರಡೇ ಸ್ವರ ಒಟ್ಟಿಗೆ ನುಡಿಸುವ ಸರಳ ಜೋಡಿಗಳು. ಚರಣದಲ್ಲಿ ಅಂಗೈಯನ್ನು ತಂತಿಗೆ ಒತ್ತಿ ಸದ್ದನ್ನು ಬಿಗಿಹಿಡಿಯುವುದು, ಪಲ್ಲವಿ ಬಂದಾಗ ಅದನ್ನು ಪೂರ್ತಿ ಬಿಟ್ಟುಬಿಡುವುದು. ಬೇರು ಹುಡುಕಿದರೆ 1970ರ ದಶಕದ ನ್ಯೂಯಾರ್ಕಿನ ರಮೋನ್ಸ್, ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ತನಕ ಹೋಗಬಹುದು. ಆದರೆ ನಮ್ಮ ಹುಡುಗರು ಕೇಳಿ ಬೆಳೆದದ್ದು ಕ್ಯಾಲಿಫೋರ್ನಿಯಾದ ಗ್ರೀನ್ ಡೇ ಮತ್ತು ಬ್ಲಿಂಕ್-182. ಗ್ರೀನ್ ಡೇ ದೊಡ್ಡ ಹೆಸರಾದದ್ದು 1994ರಲ್ಲಿ. ಅದಕ್ಕೂ ಮುಂಚೆ ಅವರು ನುಡಿಸುತ್ತಿದ್ದದ್ದು ಬರ್ಕ್‌ಲಿಯ ಗಿಲ್ಮನ್ ಸ್ಟ್ರೀಟಿನಲ್ಲಿ, ಸ್ವಯಂಸೇವಕರೇ ಸೇರಿ ನಡೆಸುತ್ತಿದ್ದ ಒಂದು ಹಳೆಯ ಗೋದಾಮಿನಲ್ಲಿ. ಬ್ಲಿಂಕ್-182 ಹುಟ್ಟಿದ್ದು ಸ್ಯಾನ್ ಡಿಯಾಗೋ ಪಕ್ಕದ ಪೊವೇ ಎಂಬ ಊರಿನಲ್ಲಿ. ಗ್ಯಾರೇಜು, ಗೋದಾಮು, ಸಾಯಂಕಾಲ ಏನೂ ನಡೆಯದ ಊರು, ಅಲ್ಲಿಂದ ಹೊರಟೇಬಿಡಬೇಕು ಅನ್ನಿಸುವ ವಯಸ್ಸು. ಈ ಸಂಗೀತ ಹುಟ್ಟುವುದೇ ಅಂಥ ಜಾಗದಲ್ಲಿ. ನಮ್ಮ ಊರಿನಲ್ಲಿ ಅಂಥದ್ದು ಎಲ್ಲಿದೆ ಅಂತ ಯೋಚಿಸಿದರೆ ನನಗೆ ಕಂಡದ್ದು ಕಾಫಿ ಒಣಗಿಸುವ ಕಣ ಮತ್ತು ಅದರ ಪಕ್ಕದ ಗೋದಾಮು.

ಅಪ್ಪ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಕೆಲಸದವರ ಉಸ್ತುವಾರಿ, ಲೆಕ್ಕ ನೋಡುವವರು. ನಾನು ಸೈಕಲ್ ಕಲಿತದ್ದು ಅದೇ ತೋಟದ ಕಣದಲ್ಲಿ, ಮಳೆಗಾಲದಲ್ಲಿ ಅದು ಖಾಲಿ ಇರುವಾಗ. ಗಿಟಾರಿನವನಿಗೆ ಮಾತ್ರ ಸಮಾಧಾನವಿರಲಿಲ್ಲ. "ಮಾರಾಯ್ತಿ, ಜನ ದುಡ್ಡು ಕೊಟ್ಟು ನೋಡೋಕೆ ಬರೋ ಜಾಗ ನಮ್ಮ ಮನೆ ಪಕ್ಕ ಇದೆ, ನೀನು ಸಿಮೆಂಟು ನೆಲ ತೋರಿಸ್ತೀನಿ ಅಂತೀಯಲ್ಲ" ಅಂದ. ನಾನು ಪಲ್ಲವಿಯನ್ನೇ ಅವನಿಗೆ ತಿರುಗಿ ಓದಿದೆ. ಮಂಜು ನೋಡೋಕೆ ಬರುವವರು ಬೇರೆ, ಬಸ್ಸಿಗೆ ಕಾಯುವವನು ಬೇರೆ. ನಮ್ಮ ಕ್ಯಾಮೆರಾ ಎರಡನೆಯವನ ಕಡೆ ನಿಲ್ಲಬೇಕು. ಕೂಡಲೇ ಒಪ್ಪಲಿಲ್ಲ, ಆದರೆ ಗಿಟಾರ್ ಹೊತ್ತುಕೊಂಡು ಬಂದ.

ಅಪ್ಪ ಸಾವ್ಕಾರ್ರನ್ನು ಕೇಳಿ ಒಪ್ಪಿಗೆ ತಂದರು, ಜೊತೆಗೆ ತಮ್ಮದೇ ಷರತ್ತುಗಳನ್ನೂ ತಂದರು. ಒಣಗಲು ಹಾಕಿದ ಕಾಫಿಯ ಮೇಲೆ ಶೂ ಕಾಲಿಡಬಾರದು. ಕೆಲಸ ಒಂದು ನಿಮಿಷವೂ ನಿಲ್ಲಬಾರದು. ಕತ್ತಲಾಗುವುದರೊಳಗೆ ಎಲ್ಲ ಕಟ್ಟಿಕೊಂಡು ಹೊರಡಬೇಕು. "ಆನೆ ಯಾವ ದಾರೀಲಿ ಬರ್ತದೆ ಅಂತ ನನಗೂ ಗೊತ್ತಿಲ್ಲ ಮಗಳೇ" ಅಂದರು. ನಮ್ಮ ಕಡೆ ತೋಟಗಳಲ್ಲಿ ಕಾಡಾನೆ ಅಂದರೆ ಬರೀ ಮಾತಲ್ಲ, ಸಂಜೆಯ ಮೇಲೆ ತೋಟದ ದಾರಿಯಲ್ಲಿ ಯಾರೂ ಸುಮ್ಮನೆ ಓಡಾಡುವುದಿಲ್ಲ. ನೈಟ್ ಎಫೆಕ್ಟಿನ ಆಸೆಯನ್ನು ಅಲ್ಲಿಗೇ ಬಿಟ್ಟೆ.

ಫೆಬ್ರವರಿ ಕೊನೆ ಅಂದರೆ ರೋಬಸ್ಟಾ ಕೊಯ್ಲಿನ ಕಾಲ, ಕಣ ತುಂಬಿರುತ್ತದೆ. ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿ ಚೆರ್ರಿ ಮಾಡಲು ಒಳ್ಳೆಯ ಬಿಸಿಲಿದ್ದರೂ ಹನ್ನೆರಡು ಹದಿನೈದು ದಿನ ಬೇಕು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಟಾರ್ಪಾಲು ತೆಗೆದು ಹರಡುತ್ತಾರೆ, ದಿನವಿಡೀ ಮರದ ಹಲಗೆಯಿಂದ ಎಳೆದು ತಿರುವುತ್ತಾರೆ, ಸಂಜೆ ಮತ್ತೆ ಗುಡ್ಡೆ ಮಾಡಿ ಮುಚ್ಚುತ್ತಾರೆ. ನಮ್ಮ ಇಡೀ ದಿನದ ವೇಳಾಪಟ್ಟಿ ನಿಂತದ್ದು ಇದರ ಮೇಲೆ. ಹರಡುವ ಮುಂಚೆ ಕಣ ಖಾಲಿ, ಆಗ ಬ್ಯಾಂಡಿನ ದೂರದ ಶಾಟುಗಳು. ನಡುಹಗಲು ಗೋದಾಮಿನ ಒಳಗೆ. ಗುಡ್ಡೆ ಮಾಡುವ ಹೊತ್ತಿಗೆ ಹಾಡಿನ ನಡುಭಾಗ. ಆಮೇಲೆ ಆರೂವರೆ ಸುಮಾರಿಗೆ ಸೂರ್ಯ ಮುಳುಗುವ ತನಕ ಕೊನೆಯ ಪಲ್ಲವಿ.

ಹಾಡಿನ ಲೆಕ್ಕಕ್ಕೆ ಬೇರೊಂದು ಹಾಳೆ ಇತ್ತು. ಅದನ್ನು ಬರೆಯುವುದಕ್ಕೆ ನಾನು ಕೊಟ್ಟಷ್ಟು ಸಮಯ ಬೇರೆ ಯಾವುದಕ್ಕೂ ಕೊಡಲಿಲ್ಲ. ಹಾಡಿನ ವೇಗ ನಿಮಿಷಕ್ಕೆ 180 ಬೀಟು, ಉದ್ದ 2 ನಿಮಿಷ 40 ಸೆಕೆಂಡು. ಅಂದರೆ 480 ಬೀಟು, ನಾಲ್ಕು ಬೀಟಿಗೆ ಒಂದರಂತೆ 120 ಬಾರು. ಸೆಕೆಂಡಿಗೆ 25 ಫ್ರೇಮಿನಲ್ಲಿ ತೆಗೆದರೆ ಒಂದು ಬೀಟಿಗೆ ಸಿಗುವುದು ಎಂಟು ಫ್ರೇಮು ಚಿಲ್ಲರೆ. ಇಷ್ಟು ವೇಗದ ಹಾಡನ್ನು ಪ್ರತಿ ಬೀಟಿಗೂ ಕತ್ತರಿಸಿದರೆ ನೋಡುವವರ ಕಣ್ಣಿಗೆ ಏನೂ ನಿಲ್ಲುವುದಿಲ್ಲ, ಯಾರ ಮುಖವೂ ನೆನಪಿನಲ್ಲಿ ಉಳಿಯುವುದಿಲ್ಲ. ಚರಣದಲ್ಲಿ ಎರಡು ಬಾರುಗಳಿಗೆ ಒಂದು ಶಾಟು, ಪಲ್ಲವಿಯಲ್ಲಿ ಪ್ರತಿ ಬಾರಿನಲ್ಲೂ ಒಂದು, ನಡುಭಾಗದಲ್ಲಿ 16 ಬಾರು ಪೂರ್ತಿ ಒಂದೇ ಶಾಟು ಅಂತ ತೀರ್ಮಾನಿಸಿದೆ. ಹಾಳೆಯ ಎಡಗಡೆ ಬಾರಿನ ಸಂಖ್ಯೆ, ನಡುವೆ ಸಾಹಿತ್ಯ, ಬಲಗಡೆ ಯಾರು ಎಲ್ಲಿ ನಿಂತಿರುತ್ತಾರೆ ಅನ್ನುವುದು. ಹಣವಿಲ್ಲದ ವಿದ್ಯಾರ್ಥಿಗಳಿಗೆ ಆ ಹಾಳೆಗಿಂತ ದೊಡ್ಡ ಉಪಕರಣ ಇನ್ನೊಂದಿಲ್ಲ ಎಂದು ಈಗಲೂ ಹೇಳುತ್ತೇನೆ.

ಅವತ್ತು ಏಳು ಗಂಟೆಗೆಲ್ಲ ಸೌಂಡ್ಸ್ ಅಣ್ಣ ಸ್ಪೀಕರ್ ಬಾಕ್ಸು ಇಳಿಸಿಯಾಗಿತ್ತು. ಮಡಿಕೇರಿ ದಸರಾದ ಮಂಟಪಗಳಿಗೆ ಕೆಲಸ ಮಾಡಿದ ಮನುಷ್ಯ, ಜೋರು ಸದ್ದಿಗೆ ಹೆದರುವವರಲ್ಲ. ಮ್ಯೂಸಿಕ್ ವಿಡಿಯೋದಲ್ಲಿ ಯಾರೂ ಅಲ್ಲಿ ನಿಜವಾಗಿ ಹಾಡು ರೆಕಾರ್ಡ್ ಮಾಡುವುದಿಲ್ಲ. ಮೊದಲೇ ರೆಕಾರ್ಡ್ ಆದ ಹಾಡನ್ನು ಬಾಕ್ಸಿನಲ್ಲಿ ಹಾಕಿ ಅದಕ್ಕೆ ತುಟಿ ಮತ್ತು ಕೈ ಸೇರಿಸುತ್ತಾರೆ. ಆದರೆ ಡ್ರಮ್ ಅನ್ನು ಹೊಡೆದಂತೆ ನಟಿಸಿದರೆ ತಕ್ಷಣ ಗೊತ್ತಾಗುತ್ತದೆ, ಭುಜ ಸುಳ್ಳು ಹೇಳುತ್ತದೆ. ನಮ್ಮವನು ನಿಜವಾಗಿಯೇ ಹೊಡೆದ. ಅದರ ಸದ್ದು ಹಾಡನ್ನು ನುಂಗಬಾರದು ಅಂತ ಸಿಂಬಲ್‌ಗಳ ಅಡಿಗೆ ದಪ್ಪ ಟೇಪು ಅಂಟಿಸಿದೆವು, ಡ್ರಮ್ಮಿನ ಒಳಗೆ ಹಳೆಯ ಟೀ ಶರ್ಟು ತುಂಬಿದೆವು. ಫೋನಿನಿಂದ ಬ್ಲೂಟೂತಿನಲ್ಲಿ ಹಾಡು ಹಾಕಲು ನಾನು ಬಿಡಲಿಲ್ಲ, ವೈರಿನಲ್ಲೇ ಕೊಟ್ಟೆವು.

ಖಾಲಿ ಕಣದ ಮೇಲೆ ಟಾರ್ಪಾಲು ಹೊದ್ದ ಗುಡ್ಡೆಗಳ ನಡುವೆ ನಾಲ್ವರು ನಿಂತು ನುಡಿಸಿದರು. ಕ್ಯಾಮೆರಾ ಒಂದು ಬಾಡಿಗೆಯದು, ಇನ್ನೊಂದು ತರಗತಿಯ ಗೆಳೆಯನದು. ಕಣದ ಆ ತುದಿಯಿಂದ ಈ ತುದಿಗೆ ಸುಮಾರು 35 ಮೀಟರ್. ಇದನ್ನು ಯಾಕೆ ಅಳೆದೆ ಅಂದರೆ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಬಾಕ್ಸಿನ ಪಕ್ಕದಲ್ಲಿರುವ ಡ್ರಮ್ಮರಿಗೆ ಕೇಳಿದ ಬೀಟು ಆ ತುದಿಯ ಕ್ಯಾಮೆರಾದ ಮೈಕಿಗೆ ತಲುಪುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ, ಅಂದರೆ ಎರಡೂವರೆ ಫ್ರೇಮು ತಡ. ಎಡಿಟಿಂಗಿನಲ್ಲಿ ಮೈಕಿನ ಸದ್ದನ್ನು ಮೂಲ ಹಾಡಿಗೆ ಜೋಡಿಸಿ ಸುಮ್ಮನಾದರೆ ಕೋಲು ಬೀಟಿಗಿಂತ ಮುಂಚೆಯೇ ಡ್ರಮ್ಮಿಗೆ ಬಿದ್ದಂತೆ ಕಾಣುತ್ತದೆ. ದೂರದ ಪ್ರತಿ ಶಾಟಿನ ಅಂತರವನ್ನೂ ಹಾಳೆಯಲ್ಲಿ ಬರೆದಿಟ್ಟುಕೊಂಡೆವು.

ಒಂಬತ್ತರ ಹೊತ್ತಿಗೆ ಹರಡುವವರು ಬಂದರು, ನಾವು ಗೋದಾಮಿಗೆ ಸರಿದೆವು. 50 ಕೆ.ಜಿ.ಯ ಚೀಲಗಳ ಸಾಲು ಗೋಡೆಯೆತ್ತರಕ್ಕಿದ್ದವು. ಗೋಣಿ ಸದ್ದನ್ನು ಹೀರುತ್ತದೆ, ಪ್ರತಿಧ್ವನಿ ಇಲ್ಲವೇ ಇಲ್ಲ. ಟ್ಯೂಬ್‌ಲೈಟ್ ಮಾತ್ರ ಯೋಚಿಸಬೇಕಾದ ವಿಷಯ. ನಮ್ಮ ಕರೆಂಟು 50 ಹರ್ಟ್ಸ್‌ನದು, ಶಟರ್ ವೇಗ ಅದಕ್ಕೆ ಹೊಂದದಿದ್ದರೆ ಚಿತ್ರ ಮಿಣುಕುತ್ತದೆ. ಸೆಕೆಂಡಿನ ಐವತ್ತನೇ ಒಂದಕ್ಕೆ ಇಟ್ಟು ಮುಟ್ಟಲಿಲ್ಲ. ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಜನರೇಟರ್ ಇತ್ತು. ಊಟಕ್ಕೆ ಅಮ್ಮ ಚಿತ್ರಾನ್ನ ಕಳಿಸಿದ್ದರು.

ನಾನು ಕಾಯುತ್ತಿದ್ದದ್ದು ಸಂಜೆಗೆ. ಹಾಡಿನ ನಡುಭಾಗದಲ್ಲಿ ಡ್ರಮ್ ಅರ್ಧ ವೇಗಕ್ಕೆ ಇಳಿಯುತ್ತದೆ, ಗಿಟಾರ್ ಹಿಂದೆ ಸರಿಯುತ್ತದೆ, ಹುಡುಗ ಬಹುತೇಕ ಒಬ್ಬನೇ ಹಾಡುತ್ತಾನೆ. ಅಲ್ಲಿ ಅವನ ಸುತ್ತ ಎಲ್ಲವೂ ನಿಧಾನವಾಗಬೇಕು, ಅವನ ತುಟಿ ಮಾತ್ರ ಹಾಡಿಗೆ ಸರಿಯಾಗಿ ಕೂರಬೇಕು. ಇದಕ್ಕೆ ಒಂದು ಉಪಾಯವಿದೆ. ಕ್ಯಾಮೆರಾವನ್ನು ಸೆಕೆಂಡಿಗೆ 50 ಫ್ರೇಮಿಗೆ ಏರಿಸಬೇಕು, ಹಾಡನ್ನು ಎರಡರಷ್ಟು ವೇಗದಲ್ಲಿ ಹಾಕಬೇಕು, ಹಾಡುವವನು ಆ ವೇಗಕ್ಕೇ ತುಟಿ ಆಡಿಸಬೇಕು. ಆಮೇಲೆ 25 ಫ್ರೇಮಿಗೆ ಇಳಿಸಿದಾಗ ತುಟಿ ಸಹಜ ವೇಗಕ್ಕೆ ಬರುತ್ತದೆ, ಉಳಿದ ಜಗತ್ತು ಅರ್ಧ ವೇಗದಲ್ಲಿ ಚಲಿಸುತ್ತದೆ. 21 ಸೆಕೆಂಡಿನ ಭಾಗ ಹನ್ನೊಂದು ಸೆಕೆಂಡಿನೊಳಗೆ ಮುಗಿದುಹೋಗುತ್ತದೆ. ಹುಡುಗ ವಾರಗಟ್ಟಲೆ ಬಸ್ಸಿನಲ್ಲಿ ಕೂತು ಇದನ್ನೇ ಅಭ್ಯಾಸ ಮಾಡಿದ್ದ.

ಕೆಲಸದವರನ್ನು ಹಿಂದಿನ ದಿನವೇ ಕಂಡು ಮಾತಾಡಿದ್ದೆ. ಅವರ ದುಡಿಮೆಯನ್ನು ಹಿನ್ನೆಲೆಯ ಪರದೆ ಮಾಡಿಕೊಳ್ಳುವುದು ನನಗೆ ಬೇಡವಿತ್ತು. ಇಬ್ಬರು ಮುಖ ಬರುವುದು ಬೇಡ ಅಂದರು, ಅವರು ಎಡಗಡೆಯಲ್ಲಿ, ಕ್ಯಾಮೆರಾಗೆ ಕಾಣದಂತೆ ಕೆಲಸ ಮಾಡುವುದು ಅಂತ ತೀರ್ಮಾನವಾಯಿತು. ನನ್ನನ್ನು ಚಿಕ್ಕಂದಿನಿಂದ ನೋಡಿದ ಅಕ್ಕ ಒಬ್ಬರು, "ನಾವು ನಿನಗೋಸ್ಕರ ನಿಲ್ಲೋದಿಲ್ಲ ಪುಟ್ಟಿ, ಇಬ್ಬನಿ ಬೀಳೋದ್ರೊಳಗೆ ಮುಚ್ಚಬೇಕು" ಅಂದರು. ನಿಲ್ಲುವುದೇ ಬೇಡ, ನೀವು ನಿಮ್ಮ ಕೆಲಸ ಮಾಡುತ್ತಿರಿ, ಅವನು ನಡುವೆ ನಿಂತಿರುತ್ತಾನೆ ಅಂದೆ. "ಹಾಗಾದ್ರೆ ಅವನ ಕೈಗೂ ಒಂದು ಹಲಗೆ ಕೊಡ್ತೀನಿ" ಅಂದರು. ಶಾಟುಗಳ ನಡುವೆ ನಿಜಕ್ಕೂ ಕೊಟ್ಟರು, ಅವನು ಎಳೆದ.

ಹಲಗೆ ಎಳೆದ ಕಡೆಯೆಲ್ಲ ಬಿಳಿ ಸಿಮೆಂಟು ನೆಲ ತೆರೆದುಕೊಳ್ಳುತ್ತ ಬಂತು. ಒಣಗಿದ ಕಾಫಿ ಕಪ್ಪಗಿರುತ್ತದೆ, ಬೆಳಕನ್ನು ವಾಪಸು ಕೊಡುವುದಿಲ್ಲ. ಹುಡುಗನನ್ನು ತೆರೆದ ನೆಲದ ಮೇಲೆ ನಿಲ್ಲಿಸಿದಾಗ ಕೆಳಗಿನಿಂದ ಎದ್ದ ಬೆಳಕು ಅವನ ಮುಖಕ್ಕೆ ಬಿತ್ತು, ರಿಫ್ಲೆಕ್ಟರ್ ಬೇಕಾಗಲೇ ಇಲ್ಲ. ಪ್ರತಿ ಟೇಕಿಗೂ ಗುಡ್ಡೆಗಳು ಬೆಳೆಯುತ್ತಿದ್ದವು, ಹಾಗಾಗಿ ಎರಡು ಟೇಕುಗಳನ್ನು ಸೇರಿಸುವಂತಿರಲಿಲ್ಲ. ಒಂದೇ ಟೇಕು ಆದಿಯಿಂದ ಕೊನೆಯ ತನಕ ಸರಿಯಾಗಬೇಕು. ಹಾಡು ಎರಡರಷ್ಟು ವೇಗದಲ್ಲಿ ಕಿರುಚಿದಾಗೆಲ್ಲ ಹೆಂಗಸರು ನಗುತ್ತಿದ್ದರು. ಕಣ ಮುಕ್ಕಾಲು ತೆರವಾದಾಗ ನಮಗೆ ಬೇಕಾದದ್ದು ಸಿಕ್ಕಿತು. ಅವನ ತುಟಿ ಒಂದೂ ಅಕ್ಷರ ತಪ್ಪಲಿಲ್ಲ, ಅವನ ಹಿಂದೆ ಮೂರು ಹಲಗೆಗಳು ಒಟ್ಟಿಗೆ ಚಲಿಸಿದವು, ಅಕ್ಕ ಚೌಕಟ್ಟಿನ ಬಲದಿಂದ ಬಂದು ಅವನ ಮುಂದೆಯೇ ಹಾದು ಹೋದರು. ಹಾದು ಹೋಗಿ ಅಂತ ಯಾರೂ ಹೇಳಿರಲಿಲ್ಲ, ಅವರ ಗುಡ್ಡೆ ಆ ಕಡೆ ಇತ್ತು ಅಷ್ಟೆ. ಮಾನಿಟರಿನಲ್ಲಿ ನೋಡುತ್ತಿದ್ದ ನನಗೆ ಮೈ ಜುಮ್ಮೆಂದಿತು.

ಕೊನೆಯ ಪಲ್ಲವಿಗೆ ಬೆಳಕು ಬೇಗ ಬೇಗ ಇಳಿಯುತ್ತಿತ್ತು. ಮುಚ್ಚಿದ ಗುಡ್ಡೆಗಳ ನಡುವೆ ನಾಲ್ವರೂ ಹುಚ್ಚು ಹಿಡಿದವರಂತೆ ನುಡಿಸಿದರು. ಬೇಸಿನವಳು ಹಾರಿದಾಗ ಹಿಂದೆ ಸಿಲ್ವರ್ ಓಕ್ ಸಾಲು, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಅಪ್ಪ ಟಾರ್ಚು ಹಿಡಿದು ಬಂದು ನಿಂತ ಮೇಲೆ ಇನ್ನೊಂದು ಟೇಕ್ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಎಡಿಟಿಂಗಿನಲ್ಲಿ ಹಾಳೆಯನ್ನೇ ಬಹುಪಾಲು ಪಾಲಿಸಿದೆ. ಎರಡನೇ ಚರಣದಲ್ಲಿ ಮಾತ್ರ ಡ್ರಮ್ಮರಿನ ಕೈಯ ಶಾಟನ್ನು ನಾಲ್ಕು ಬಾರು ಬಿಟ್ಟೆ, ಕತ್ತರಿಸಲು ಮನಸ್ಸಾಗಲಿಲ್ಲ. ಗಿಟಾರಿನವನು ಒಂದು ಬೆಳಿಗ್ಗೆ ತಾನೇ ಹೋಗಿ ರಾಜಾಸೀಟಿನ ಮಂಜನ್ನು ಫೋನಿನಲ್ಲಿ ತೆಗೆದು ಕಳಿಸಿದ್ದ. ಚೆನ್ನಾಗಿಯೇ ಇತ್ತು. ಪಲ್ಲವಿಯ ಮೊದಲ ಸಾಲಿನ ಮೇಲೆ ಇಟ್ಟು ನೋಡಿದೆವು, ಇಬ್ಬರೂ ಕೂತು. ಅವನೇ "ತೆಗೆದುಬಿಡು" ಅಂದ. ಕ್ರೆಡಿಟ್ಟಿನಲ್ಲಿ ಅವತ್ತು ಕಣದಲ್ಲಿ ಕೆಲಸ ಮಾಡಿದವರ ಹೆಸರುಗಳನ್ನು, ಒಪ್ಪಿದವರದ್ದೆಲ್ಲ, ಬ್ಯಾಂಡಿನ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿದೆ. ವೈವಾದಲ್ಲಿ ಯಾರೋ ಅದನ್ನು ಕೇಳಿದರು, ಅವರೂ ಈ ವಿಡಿಯೋದಲ್ಲಿ ಕೆಲಸ ಮಾಡಿದ್ದಾರೆ ಅಂದೆ.

ಈಗ ಹುಡುಗರ ಹತ್ತಿರ ಇನ್ನೊಂದು ಹಾಡು ತಯಾರಾಗಿದೆ, ವೇಗ 172. ಅದನ್ನು ಜೂನಿನ ಮಳೆಯಲ್ಲಿ, ಹೊರಗೇ ಚಿತ್ರೀಕರಿಸಬೇಕಂತೆ. ಡ್ರಮ್ ಎಲ್ಲಿ ಇಡುವುದು, ಬಾಕ್ಸಿಗೆ ಕರೆಂಟು ಹೇಗೆ ಎಳೆಯುವುದು ಅನ್ನುವುದು ತೀರ್ಮಾನವಾಗದೆ ನಾನು ಒಪ್ಪಿಕೊಂಡಿಲ್ಲ. ಬಾರು ಲೆಕ್ಕ ಮಾತ್ರ ಶುರು ಮಾಡಿದ್ದೇನೆ.